ನಿನ್ನಿಷ್ಟ

ನಾನು ಕಾಫಿ ಕುಡಿಯುವವಳು. ಆದರೆ ಮೈಸೂರಿನಲ್ಲಿ ಎಂ.ಎ. ಓದುವಾಗ ಮೊದಲ ಮೂರು ಸೆಮಿಸ್ಟರ್ ನಾನು ಕುಡಿದದ್ದು ಬಾದಾಮಿ ಹಾಲು. ಕ್ಯಾಂಟೀನಿನ ಕೌಂಟರ್ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ದನಿ ಬರುತ್ತಿತ್ತು: 'ಅಣ್ಣಾ, ನಂಗೊಂದು ಕಾಫಿ, ಇವಳಿಗೊಂದು ಬಾದಾಮಿ ಹಾಲು. ಕಾಫಿ ಕುಡಿದ್ರೆ ಇವಳು ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡಿರ್ತಾಳೆ.' ಕ್ಯಾಂಟೀನಿನ ಅಣ್ಣ ಕ್ರಮೇಣ ನನ್ನ ಮುಖ ನೋಡುವುದನ್ನೇ ಬಿಟ್ಟ. ಬಿಸಿ ಲೋಟ ಕೈಗೆ ಬಂದ ಮೇಲೆ 'ನನಗಿದು ಬೇಡ' ಅನ್ನುವುದು ಹೇಗೆ? ಕುಡಿದುಬಿಡುತ್ತಿದ್ದೆ.

ಅವಳ ಹೆಸರು ಬೇಡ. ಈಗಲೂ ಗೆಳತಿ, ಬೆಳಗಿನ ಪತ್ರಿಕೆಯನ್ನು ತಪ್ಪದೆ ಓದುವವಳು. ಹಾಸ್ಟೆಲಿನಲ್ಲಿ ಪಕ್ಕದ ಮಂಚ, ತರಗತಿಯಲ್ಲಿ ಪಕ್ಕದ ಸೀಟು. ನನ್ನ ಸೆಮಿನಾರಿಗೆ ವಿಷಯ ಆರಿಸಿದ್ದು ಅವಳು. ಪ್ರಾಜೆಕ್ಟಿನ ಗುಂಪು ಕಟ್ಟಿದ್ದು, ಅದರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆದದ್ದು, ಪಿಪಿಟಿಯ ಮೊದಲ ಸ್ಲೈಡಿನಲ್ಲಿ ಯಾರ ಹೆಸರು ಎಷ್ಟನೇ ಸಾಲಿಗೆ ಬರಬೇಕೆಂದು ತೀರ್ಮಾನಿಸಿದ್ದು ಅವಳು. ನಾನು ಬರೆದ ಅಧ್ಯಾಯವನ್ನು ರಾತ್ರೋರಾತ್ರಿ ತಿದ್ದಿ, ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದು, 'ನೋಡು, ಈಗ ಓದೋ ಹಾಗಿದೆ' ಅಂದದ್ದೂ ಅವಳೇ. ನನ್ನ ಅಮ್ಮನ ನಂಬರ್ ಅವಳ ಫೋನಿನಲ್ಲಿತ್ತು. 'ಆಂಟಿ, ನೀವೇನೂ ಯೋಚನೆ ಮಾಡ್ಬೇಡಿ, ನಾನಿದೀನಲ್ಲ' ಎಂದು ಎರಡು ದಿನಕ್ಕೊಮ್ಮೆ ವರದಿ ಹೋಗುತ್ತಿತ್ತು. ಅಮ್ಮನಿಗೆ ಎಲ್ಲಿಲ್ಲದ ನೆಮ್ಮದಿ. 'ಅಂಥ ಗೆಳತಿ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ' ಅನ್ನುತ್ತಿದ್ದಳು.

ಪುಣ್ಯದ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ನನಗೆ ಡೆಂಗಿ ಬಂದಾಗ ರಾತ್ರಿ ಹನ್ನೊಂದಕ್ಕೆ ವಾರ್ಡನ್ ಜೊತೆ ಜಗಳವಾಡಿ ಗೇಟು ತೆಗೆಸಿ, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದವಳು ಅವಳು. ಮೂರು ರಾತ್ರಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ನಿದ್ದೆ ಮಾಡಿದಳು. ಅಂಥವಳಿಗೆ ಬಾದಾಮಿ ಹಾಲಿನ ವಿಷಯಕ್ಕೆ ಎದುರಾಡುವುದೇ? ಉಪಕಾರದ ಹಗ್ಗ ಮೆತ್ತಗಿರುತ್ತದೆ. ಕುತ್ತಿಗೆ ತಿರುಗಿಸುವ ತನಕ ಅದು ಹಗ್ಗವೆಂದು ತಿಳಿಯುವುದೇ ಇಲ್ಲ. ತಿರುಗಿಸುವ ಗೋಜಿಗೆ ನಾನು ಹೋಗಲೂ ಇಲ್ಲ. ನಾನು ತಾಳ್ಮೆಯವಳು, ಹೊಂದಿಕೊಂಡು ಹೋಗುವವಳು ಎಂದು ತರಗತಿಯಲ್ಲೆಲ್ಲ ಹೆಸರಾಗಿತ್ತು. ಆ ಹೆಸರು ನನಗೂ ಹಿತವಾಗಿತ್ತು.

ಆ ದಿನಗಳಲ್ಲಿ ಅವಳ ಕೈಗೆ ಸಿಗದೆ ನನ್ನದೇ ಆಗಿ ಉಳಿದ ಜಾಗವೆಂದರೆ ಒಂದು ಮಂಗಾ. ಜಪಾನಿನ ಈ ಚಿತ್ರಕಥೆಗಳ ಹುಚ್ಚು ಹತ್ತಿಸಿದ್ದು ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಮಗ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಹೊಸದೋ ಹಳೆಯದೋ ಸಿಕ್ಕಿದ್ದನ್ನು ಒಂದೊಂದೇ ಕೊಂಡು, ಮೈಸೂರಿಗೆ ಬರುವ ಯಾರ ಕೈಯಲ್ಲಾದರೂ ನಾಲ್ಕೈದು ಸಂಪುಟ ಕಳಿಸುತ್ತಿದ್ದ. ಜೊತೆಗೆ ಚೀಟಿ: 'ಮೂಲೆ ಮಡಚಬೇಡ. ಮೆಸ್ಸಿಗೆ ಒಯ್ಯಬೇಡ. ಸಾಂಬಾರ್ ಕಲೆಗೆ ಕ್ಷಮೆ ಇಲ್ಲ.' ನೋಡಿ, ನನಗೆ ಆಜ್ಞೆ ಮಾಡುವವರಿಗೆ ಬರವೇ ಇರಲಿಲ್ಲ.

ಮಂಗಾದ ಹೆಸರು 'ಪಂಡೋರಾ ಹಾರ್ಟ್ಸ್'. ಬರೆದು ಚಿತ್ರಿಸಿದವರು ಜುನ್ ಮೊಚಿಜುಕಿ. ಸ್ಕ್ವೇರ್ ಎನಿಕ್ಸ್ ಸಂಸ್ಥೆಯ 'ಜಿ ಫ್ಯಾಂಟಸಿ' ಮಾಸಪತ್ರಿಕೆಯಲ್ಲಿ 2006ರಲ್ಲಿ ಶುರುವಾಗಿ 2015ರಲ್ಲಿ ಮುಗಿಯಿತು. ಒಟ್ಟು 24 ಸಂಪುಟ. ಒಬ್ಬರ ಕೈ ಒಂದೇ ಕಥೆಯ ಮೇಲೆ ಸುಮಾರು ಒಂಬತ್ತು ವರ್ಷ, ತಿಂಗಳು ತಿಂಗಳು ಓಡಿದೆ. ನಮ್ಮ ವಾರಪತ್ರಿಕೆಯ ಧಾರಾವಾಹಿಗಳಿಗಾಗಿ ಕಾದ ಅಜ್ಜಿಯರಿಗೆ ಈ ಕಾಯುವಿಕೆಯ ರುಚಿ ಗೊತ್ತು. ನನಗೆ ಅದು ಪೂರ್ತಿ ದಕ್ಕಲಿಲ್ಲ. ನಾನು ಬರುವಷ್ಟರಲ್ಲಿ ಕಥೆ ಮುಗಿದಿತ್ತು. ನಾನು ಕಾಯುತ್ತಿದ್ದುದು ಬೆಂಗಳೂರಿನಿಂದ ಬರುವವರಿಗಾಗಿ ಮಾತ್ರ.

ಮಂಗಾ ಓದಿದವರಿಗೆ ಗೊತ್ತಿರುವಂತೆ ಅದನ್ನು ಬಲದಿಂದ ಎಡಕ್ಕೆ ಓದಬೇಕು. ನಮಗೆ ಬೆನ್ನುಪುಟವಾಗಿ ಕಾಣುವುದು ಅದರ ಮುಖಪುಟ. ಇಂಗ್ಲಿಷಿಗೆ ಬಂದ ಮೇಲೂ ಈಗ ಸಾಮಾನ್ಯವಾಗಿ ಈ ನಡೆ ಬದಲಾಗದು. ಚೌಕಗಳನ್ನು ಬಲಮೇಲಿನಿಂದ ಹಿಡಿದು ಎಡಕ್ಕೆ, ಆಮೇಲೆ ಕೆಳಕ್ಕೆ ಇಳಿಯಬೇಕು. ಮೊದಲ ವಾರ ನನ್ನ ಕಣ್ಣು ಅಭ್ಯಾಸಬಲದಿಂದ ಎಡಕ್ಕೇ ಓಡುತ್ತಿತ್ತು. ಉತ್ತರ ಮೊದಲು ಸಿಕ್ಕಿ, ಪ್ರಶ್ನೆ ಆಮೇಲೆ ಬರುತ್ತಿತ್ತು. ಪಾತ್ರಗಳು ಮೊದಲು ಅತ್ತು, ನಂತರ ಪೆಟ್ಟು ತಿನ್ನುತ್ತಿದ್ದವು. ಎರಡನೇ ಸಂಪುಟದ ಹೊತ್ತಿಗೆ ಕಣ್ಣು ಹಳಿಗೆ ಬಂತು. ಈ ತಿರುವುಮುರುವಿನ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕಥೆ ಆಜ್ ವೆಸೇಲಿಯಸ್ ಎಂಬ ಹುಡುಗನದು. ಡ್ಯೂಕ್ ಮನೆತನದ ಕುಡಿ. 15ನೇ ವಯಸ್ಸಿನಲ್ಲಿ ಅವನು ಪ್ರಾಯಕ್ಕೆ ಬಂದ ಸಮಾರಂಭ. ಹಳೆಯ ಬಂಗಲೆ, ನಿಂತುಹೋಗಿದ್ದ ಗಡಿಯಾರ, ಕೆಂಪು ನಿಲುವಂಗಿಯ ಅಪರಿಚಿತರು. ಅವರು ಅವನನ್ನು 'ಅಬಿಸ್' ಎಂಬ ಪಾತಾಳದ ಸೆರೆಮನೆಗೆ ತಳ್ಳುತ್ತಾರೆ. ಅಪರಾಧವೇನು ಎಂದರೆ, ಅವನು ಇರುವುದೇ ಅಪರಾಧ. ಅಲ್ಲಿ ಆಲಿಸ್ ಎಂಬ ಹುಡುಗಿ ಸಿಗುತ್ತಾಳೆ. ಕಪ್ಪು ಮೊಲದ ರೂಪವೂ ಅವಳಿಗುಂಟು. ಅವಳೊಂದಿಗೆ ಒಪ್ಪಂದ ಮಾಡಿಕೊಂಡು ಆಜ್ ಮೇಲೆ ಬಂದರೆ ಭೂಮಿಯ ಮೇಲೆ ಹತ್ತು ವರ್ಷ ಕಳೆದಿರುತ್ತದೆ. 14 ವರ್ಷದ ಸೇವಕ ಹುಡುಗ ಗಿಲ್ಬರ್ಟ್ ಈಗ 24ರ ಗಂಡಸು. ಆಜ್ ಮಾತ್ರ ಇನ್ನೂ 15ರಲ್ಲೇ ನಿಂತಿದ್ದಾನೆ. ಅವನ ಎದೆಯ ಮೇಲೆ ಗಡಿಯಾರದ ಮುದ್ರೆ ಮೂಡಿದೆ. ಮುಳ್ಳು ಒಂದು ಸುತ್ತು ಪೂರ್ತಿ ತಿರುಗಿದರೆ ಮತ್ತೆ ಪಾತಾಳ.

ಆಲಿಸ್, ಮೊಲ, ಗಡಿಯಾರ ಅಂದ ಕೂಡಲೇ ಲೂಯಿಸ್ ಕ್ಯಾರಲ್ ನೆನಪಾಗಬೇಕು. 1865ರಲ್ಲಿ ಬಂದ ಅವರ 'ಆಲಿಸ್' ಕಥೆಯಿಂದಲೂ ಅದರ ಮುಂದಿನ ಭಾಗದಿಂದಲೂ ಮೊಚಿಜುಕಿ ಮನಸಾರೆ ಎರವಲು ಪಡೆದಿದ್ದಾರೆ. ಮ್ಯಾಡ್ ಹ್ಯಾಟರ್, ಚೆಶೈರ್ ಬೆಕ್ಕು, ಡೋಡೋ, ಹಂಪ್ಟಿ ಡಂಪ್ಟಿ ಎಲ್ಲರೂ ಇಲ್ಲಿ ಹಲ್ಲು ಮಸೆದು ಬಂದಿದ್ದಾರೆ. ಕಥೆಯಲ್ಲಿ ಬರುವ ಶಾಲೆಯ ಹೆಸರು ಲಟ್ವಿಜ್. ಅದೂ ಕ್ಯಾರಲ್ ಅವರ ನಿಜನಾಮವಾದ ಚಾರ್ಲ್ಸ್ ಲಟ್ವಿಜ್ ಡಾಡ್ಸನ್‌ನ ನಡುವಿನ ತುಂಡು. ನಾವು ಈ ಆಲಿಸ್‌ಗೆ ಹೊಸಬರೇನಲ್ಲ. ನಾ. ಕಸ್ತೂರಿಯವರು ಅವಳನ್ನು ಎಂದೋ ಕನ್ನಡಕ್ಕೆ ಕರೆತಂದು 'ಪಾತಾಳದಲ್ಲಿ ಪಾಪಚ್ಚಿ' ಎಂದು ಹೆಸರಿಟ್ಟಿದ್ದರು. ನಮ್ಮ ಪಾಪಚ್ಚಿ ಪಾತಾಳದಲ್ಲಿ ನಗಿಸಿದಳು. ಜಪಾನಿನ ಆಲಿಸ್ ಅದೇ ಪಾತಾಳದಲ್ಲಿ ನೂರು ವರ್ಷದ ಕತ್ತಲೆ ಕಂಡಿದ್ದಾಳೆ.

ಆ ಕತ್ತಲೆಗೆ ಇಂಗ್ಲಿಷರು ಗಾಥಿಕ್ ಎನ್ನುತ್ತಾರೆ. ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ 'ದ ಕ್ಯಾಸಲ್ ಆಫ್ ಒಟ್ರ್ಯಾಂಟೊ' ಆ ಜಾತಿಯ ಮೊದಲ ಕಾದಂಬರಿ. ಅದರಲ್ಲಿ ಮದುವೆಯ ದಿನವೇ ಮದುಮಗನ ಮೇಲೆ ಆಕಾಶದಿಂದ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುತ್ತಾನೆ. ಅವನ ಅಪ್ಪ ಮ್ಯಾನ್‌ಫ್ರೆಡ್, ಸೊಸೆಯಾಗಿ ಬರಬೇಕಿದ್ದವಳನ್ನು ತಾನೇ ಮದುವೆಯಾಗುತ್ತೇನೆಂದು ಹೊರಡುತ್ತಾನೆ. ಅವಳನ್ನು ಕೇಳಿದವರಿಲ್ಲ. ಅವಳು ನೆಲಮಾಳಿಗೆಯ ಸುರಂಗದಲ್ಲಿ ಓಡುತ್ತಾಳೆ. ದೆವ್ವ, ಬಾವಲಿ, ಮೇಣದಬತ್ತಿಗಳು ಗಾಥಿಕ್ ಕಥೆಯ ಒಡವೆಗಳಿರಬಹುದು. ಅದರ ಹೃದಯದಲ್ಲಿರುವುದು ಎಲ್ಲರ ಪರವಾಗಿ ತಾನೊಬ್ಬನೇ ತೀರ್ಮಾನಿಸುವ ಯಜಮಾನ. ಜಪಾನಿನಲ್ಲಿ ಮೋತೊ ಹಾಗಿಯೊ 1972ರಲ್ಲಿ 'ಪೋ ನೊ ಇಚಿಜೊಕು' ಎಂಬ ಮಂಗಾ ಶುರುಮಾಡಿದಾಗ ಆ ಯಜಮಾನಿಕೆಯನ್ನು ಶಾಲೆಯ ಅಂಗಳಕ್ಕೂ ತಂದರು. ಅಲ್ಲಿ ಆ್ಯಲನ್ ಎಂಬ ಸಿರಿವಂತ ಹುಡುಗನ ಮಾತಿಗೆ ಸಹಪಾಠಿಗಳೆಲ್ಲ ತಲೆಯಾಡಿಸುತ್ತಾರೆ. ಹೊಸದಾಗಿ ಬಂದ ಎಡ್ಗರ್ ಒಬ್ಬ ಬಗ್ಗುವುದಿಲ್ಲ. ಎಡ್ಗರ್ ರಕ್ತಪಿಶಾಚಿಯಾದ್ದರಿಂದ ಅವನಿಗೆ ಅಷ್ಟು ಧೈರ್ಯ ಎಂದು ನಾನು ಸಮಾಧಾನ ಹೇಳಿಕೊಂಡಿದ್ದುಂಟು. ನನಗೆ ಹಾಸ್ಟೆಲಿನ ಕೋಣೆ ಸಂಖ್ಯೆ, ಪಕ್ಕದ ಮಂಚ, ಬಾದಾಮಿ ಹಾಲು ಎಲ್ಲ ಇದ್ದವು.

ಹೀಗಾಗಿ 'ಪಂಡೋರಾ ಹಾರ್ಟ್ಸ್' ಓದುವಾಗ ನಾನು ಆಜ್‌ನ ಪಕ್ಷ. ಅವನು ನಗುನಗುತ್ತಲೇ ಎಲ್ಲವನ್ನೂ ಒಪ್ಪುವವನು. ಅಪ್ಪ ಅವನನ್ನು ಕಣ್ಣೆತ್ತಿ ನೋಡಲಿಲ್ಲ, ಒಪ್ಪಿದ. ಪಾತಾಳಕ್ಕೆ ತಳ್ಳಿದರು, ಒಪ್ಪಿದ. ಯಾರಿಗೆ ಅಪಾಯ ಬಂದರೂ ತನ್ನ ಮೈಯನ್ನು ಮುಂದೊಡ್ಡುತ್ತಿದ್ದ. ಎಷ್ಟು ಒಳ್ಳೆಯವನು ಎಂದುಕೊಳ್ಳುತ್ತಿದ್ದೆ. ನನ್ನನ್ನು ನಾನೇ ಹೊಗಳಿಕೊಳ್ಳಲು ಅದೊಂದು ದಾರಿ.

ಅಷ್ಟರಲ್ಲಿ ಲಟ್ವಿಜ್ ಶಾಲೆಯಲ್ಲಿ ಎಲಿಯಟ್ ನೈಟ್‌ರೇ ಎದುರಾಗುತ್ತಾನೆ. ಬದ್ಧವೈರಿ ಮನೆತನದ ಹುಡುಗ. ಬಾಯಿ ತೆರೆದರೆ ಕೂಗಾಟ, ಮೂಗಿನ ತುದಿಯಲ್ಲಿ ಕೋಪ. ಅವನಿಗೂ ಆಜ್‌ಗೂ ಪ್ರಿಯವಾದ ಪುಸ್ತಕಮಾಲೆ ಒಂದೇ, 'ಹೋಲಿ ನೈಟ್'. ಕಥೆಯೊಳಗಿನ ಕಥೆ ಅದು. ಅದರಲ್ಲಿ ಯಜಮಾನನಿಗಾಗಿ ಪ್ರಾಣ ಕೊಡುವ ಸೇವಕನೊಬ್ಬನಿದ್ದಾನೆ. ಆಜ್‌ಗೆ ಅವನೆಂದರೆ ಜೀವ. ಎಲಿಯಟ್‌ಗೆ ಅವನನ್ನು ಕಂಡರಾಗದು. ಸತ್ತವನು ತೃಪ್ತಿಯಿಂದ ಸತ್ತ, ಉಳಿದವನ ಪಾಡೇನು ಎಂದು ಅವನ ತಕರಾರು. ಅದೇ ತಕರಾರನ್ನು ಅವನು ಆಜ್‌ನ ಮುಖಕ್ಕೂ ಎಸೆಯುತ್ತಾನೆ. ತನ್ನನ್ನು ತಾನೇ ಲೆಕ್ಕಕ್ಕಿಟ್ಟುಕೊಳ್ಳದವನು ಇನ್ನೊಬ್ಬರನ್ನು ಕಾಪಾಡುತ್ತೇನೆ ಅನ್ನುವುದು ತ್ಯಾಗವಲ್ಲ, ಸ್ವಂತ ಸಮಾಧಾನ, ಎಂಬ ಅರ್ಥದ ಬೈಗುಳ. ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿದೆ. ಬೈದದ್ದು ಆಜ್‌ಗೆ. ಕಿವಿ ಬಿಸಿಯಾದದ್ದು ನನಗೆ.

ನಾವೆಲ್ಲ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹೋದ ಹಸು ನಮಗೆ ಒಳ್ಳೆಯತನದ ಅಳತೆಗೋಲು. ಅಂದು ರಾತ್ರಿ ಅದನ್ನೂ ಮತ್ತೆ ಯೋಚಿಸಿದೆ. ಪುಣ್ಯಕೋಟಿ ಹುಲಿಗೆ 'ನಿನ್ನಿಷ್ಟ' ಅನ್ನಲಿಲ್ಲ. ಮೊದಲು ತನಗೇನು ಬೇಕೆಂದು ಹೇಳಿದಳು: ಕರುವಿಗೆ ಹಾಲೂಡಿಸಬೇಕು, ಬಿಡು, ಬರುತ್ತೇನೆ. ದೊಡ್ಡಿಗೆ ಹೋಗಿ ಕರುವನ್ನು ಇತರ ಹಸುಗಳ ಕೈಗೊಪ್ಪಿಸಿದಳು. ತನ್ನ ಮಾತಿನ ಬೆಲೆ ಬಲ್ಲವಳಾದ್ದರಿಂದ ಹಿಂತಿರುಗಿದಳು. ತನ್ನ ಬೆಲೆ ಗೊತ್ತಿದ್ದು ಕೊಡುವುದಕ್ಕೂ, ಬೆಲೆಯೇ ಇಲ್ಲವೆಂದು ಬಿಸಾಡುವುದಕ್ಕೂ ಅಂತರವಿದೆ. ಬಾದಾಮಿ ಹಾಲು ಕುಡಿದ ನಾನು ಪುಣ್ಯಕೋಟಿಯಾಗಿರಲಿಲ್ಲ. ಕೌಂಟರಿನ ಮುಂದೆ ಮುಜುಗರ ಬೇಡವೆಂದು ಸುಮ್ಮನಿದ್ದವಳು, ಅಷ್ಟೆ.

ಆದರೆ ಅರಿವಾದ ಮಾತ್ರಕ್ಕೆ ನಾಲಿಗೆ ಏಳುತ್ತದೆಯೇ? ಬೆಳಿಗ್ಗೆ ಮತ್ತೆ ಬಾದಾಮಿ ಹಾಲು. ನನ್ನ ಪಾಲಿಗೆ ಉಳಿದದ್ದು ಕಥೆಯಲ್ಲಿ ಅವಳಿಗೊಂದು ಪಾತ್ರ ಹುಡುಕುವ ಸಣ್ಣ ಸೇಡು. ಬೇಗನೆ ಸಿಕ್ಕಿತು: ಜ್ಯಾಕ್ ವೆಸೇಲಿಯಸ್. ಹೊಂಗೂದಲಿನ ಚೆಲುವ. ನೂರು ವರ್ಷದ ಹಿಂದೆ ಸಾಬ್ಲಿಯೆ ಎಂಬ ಊರಿಗೆ ಊರೇ ಪಾತಾಳಕ್ಕೆ ಕುಸಿದಾಗ ಲೋಕವನ್ನು ಉಳಿಸಿದ ವೀರನೆಂದು ಎಲ್ಲರೂ ಪೂಜಿಸುವವನು. ಈ ಸರಣಿಯನ್ನು ಓದಬೇಕೆಂದಿರುವವರು ಈ ಪ್ಯಾರಾದ ಉಳಿದ ಸಾಲು ಬಿಟ್ಟು ಮುಂದೆ ಹೋಗಿ. ಆ ದುರಂತದ ಬೇರು ಅವನೇ. ಅವನು ಪ್ರೀತಿಸಿದ ಲೇಸಿಯನ್ನು ಪಾತಾಳಕ್ಕೆ ತಳ್ಳಿದ್ದರು. ಅವಳಿಗೆ ಈ ಲೋಕವೆಂದರೆ ಇಷ್ಟವಿತ್ತು. ಹಾಗಾದರೆ ಲೋಕವನ್ನೇ ಕಿತ್ತು ಅವಳಿದ್ದಲ್ಲಿಗೆ ಕಳಿಸೋಣ ಎಂದು ಹೊರಟ. ದ್ವೇಷದ ಲವಲೇಶವಿಲ್ಲದೆ, ಶುದ್ಧ ಪ್ರೀತಿಯಿಂದ. ಲೇಸಿ ಬದುಕಿದ್ದರೆ 'ಬೇಡ ಮಾರಾಯ' ಅನ್ನುತ್ತಿದ್ದಳೋ ಏನೋ. ಕೇಳಲು ಅವಳಿರಲಿಲ್ಲ. 'ಆಂಟಿ, ನಾನಿದೀನಲ್ಲ' ಎಂಬ ದನಿ ನನಗೆ ಆ ಪುಟಗಳಲ್ಲಿ ಕೇಳಿಸಿತು. ಅತಿ ಸ್ನೇಹ ಗತಿ ಕೇಡು ಎಂದು ನಮ್ಮ ಹಿರಿಯರು ನಾಲ್ಕೇ ಮಾತಿನಲ್ಲಿ ಹೇಳಿದ್ದನ್ನು ಈ ಪುಣ್ಯಾತ್ಮ ಸಂಪುಟಗಟ್ಟಲೆ ಮಾಡಿ ತೋರಿಸಿದ.

ಮೂರನೇ ಸೆಮಿಸ್ಟರ್ ಪರೀಕ್ಷೆಯ ವಾರ ಕೊನೆಯ ಎರಡು ಸಂಪುಟ ಬಂದವು. 23ನ್ನು ಮೊದಲ ಪೇಪರಿನ ಹಿಂದಿನ ರಾತ್ರಿ ಮುಗಿಸಿದೆ. ತಪ್ಪೇ, ಒಪ್ಪುತ್ತೇನೆ. ಬೆಳಿಗ್ಗೆ ನನ್ನ ಕಣ್ಣು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ದಿಂಬಿನ ಕೆಳಗಿದ್ದ 24ನ್ನು ಎಳೆದು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. 'ಪರೀಕ್ಷೆ ಮುಗಿಯೋವರೆಗೂ ನನ್ನ ಹತ್ರ ಇರ್ಲಿ. ನಿನ್ನ ಒಳ್ಳೇದಕ್ಕೇ.' ನಾನು ಎಂದಿನಂತೆ ತಲೆಯಾಡಿಸಿದೆ. ನಾಲ್ಕು ಪೇಪರ್ ಮುಗಿದವು. ಇನ್ನೊಂದು ಬಾಕಿಯಿರುವಾಗ ಒಂದು ಸಂಜೆ ಟ್ರಂಕು ತೆರೆದಿತ್ತು. ಅವಳು ಮಂಚದ ಮೇಲೆ ಕೂತು ಆ ಸಂಪುಟದ ಹಾಳೆ ಮಗುಚುತ್ತಿದ್ದಳು.

'ಇದ್ರಲ್ಲಿ ಅಂಥದ್ದೇನಿದೆ ಅಂತ ನೋಡ್ದೆ. ನಿಂಗೆ ಕಥೆ ಹೇಳಿಬಿಡ್ತೀನಿ, ಆಗ ತಲೆಯಿಂದ ಹೋಗುತ್ತೆ, ನಾಳಿದ್ದು ನೆಮ್ಮದಿಯಾಗಿ ಬರೀಬಹುದು' ಎಂದು ಶುರುಮಾಡಿಯೇಬಿಟ್ಟಳು. 'ಮೊದ್ಲಿಗೆ ಎಲ್ರೂ ಸಿಗ್ತಾರೆ, ಅಳ್ತಾರೆ, ನಗ್ತಾರೆ. ಆಮೇಲೆ ಒಬ್ಬೊಬ್ಬರೇ ದೂರ ಆಗ್ತಾರೆ. ಕೊನೇಗೆ ಬರೀ ಜಗಳ, ರಕ್ತ. ಎಂಥಾ ಕಥೆ ಕಣೇ ಇದು, ಬರ್ತಾ ಬರ್ತಾ ಹಾಳಾಗೋದು!'

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಳು ಪುಸ್ತಕವನ್ನು ಎಡದಿಂದ ತೆರೆದಿದ್ದಳು. ಕೊನೆಯ ಪುಟದಿಂದ ಹಿಂದಕ್ಕೆ ಬಂದು, ಮುಕ್ತಾಯವನ್ನೇ ಆರಂಭ ಮಾಡಿಕೊಂಡಿದ್ದಳು. 23 ಸಂಪುಟ ನಡೆದು ನಾನು ಯಾವ ಬಾಗಿಲಿಗೆ ಬಂದು ನಿಂತಿದ್ದೆನೋ ಆ ಬಾಗಿಲನ್ನು ಆಚೆ ಕಡೆಯಿಂದ ತೆರೆದು, ಒಳಗಿದ್ದದ್ದನ್ನು ತಲೆಕೆಳಗಾಗಿ ನನ್ನ ಮಡಿಲಿಗೆ ಸುರಿದಿದ್ದಳು.

'ಬೇಡ' ಅಂದೆ. ದನಿ ನನಗೇ ಗುರುತು ಸಿಗಲಿಲ್ಲ. 'ಕೊಡು ಅದನ್ನ. ನನ್ನ ಪುಸ್ತಕ. ನನ್ನ ಪರೀಕ್ಷೆ. ಫೇಲಾದ್ರೆ ನಾನು ಆಗ್ತೀನಿ.' ಅಲ್ಲಿಗೆ ನಿಲ್ಲಲಿಲ್ಲ. ಬಾದಾಮಿ ಹಾಲು, ಪಿಪಿಟಿ, ಅಮ್ಮನಿಗೆ ಹೋಗುತ್ತಿದ್ದ ಫೋನು, ತಿದ್ದಿದ ಅಧ್ಯಾಯ ಎಲ್ಲ ಬಂದವು. ಒಂದೂವರೆ ವರ್ಷದ ಬಾಕಿ ಒಂದೇ ಕಂತಿನಲ್ಲಿ. ಪಕ್ಕದ ಕೋಣೆಯವರು ಬಂದು ಇಣುಕಿದರು.

ಅವಳು ಅಳಲಿಲ್ಲ. ಪುಸ್ತಕವನ್ನು ಮಂಚದ ಮೇಲಿಟ್ಟಳು. ಆಮೇಲೆ ಹೇಳಿದಳು: 'ನೀನು ಯಾವತ್ತಾದ್ರೂ ಇದು ಬೇಕು ಅಂತ ಬಾಯಿ ಬಿಟ್ಟಿದೀಯಾ? ಮೊದಲ ತಿಂಗಳೆಲ್ಲ ಕೇಳ್ತಿದ್ದೆ. ಕಾಫಿನಾ ಟೀನಾ, ಕಿಟಕಿ ಪಕ್ಕನಾ ಫ್ಯಾನ್ ಕೆಳಗಾ, ಯಾವ ಟಾಪಿಕ್ ತಗೋತೀಯ? ಎಲ್ಲಕ್ಕೂ ಒಂದೇ ಉತ್ತರ, ನಿನ್ನಿಷ್ಟ. ಇಬ್ರ ಪಾಲಿಂದೂ ನಾನೊಬ್ಳೇ ಯೋಚನೆ ಮಾಡಿ ಮಾಡಿ ನಂಗೂ ಸಾಕಾಗಿದೆ ಕಣೇ.' ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೊರಟುಹೋದಳು.

ಕೊನೆಯ ಪೇಪರ್ ಮುಗಿದ ಮಧ್ಯಾಹ್ನ ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು 24ನೇ ಸಂಪುಟ ತೆರೆದೆ, ಬಲದಿಂದ. ಅವಳು ಹೇಳಿದ್ದೆಲ್ಲ ಅದರಲ್ಲಿತ್ತು. ಜಗಳ, ರಕ್ತ, ಅಗಲಿಕೆ, ಸಿಗುವುದು, ಅಳು, ನಗು. ಒಂದು ಚಿತ್ರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಡದಿಂದ ಬಂದವಳಿಗೆ ಅದು ಸಿಕ್ಕವರು ಕಳೆದುಹೋಗುವ ಕಥೆ. ಬಲದಿಂದ ಹೋದರೆ ಕಳೆದುಕೊಂಡವರು ಕಾದು, ಬಹಳ ಕಾಲ ಕಾದು, ಮತ್ತೆ ಸಿಗುವ ಕಥೆ. ಕೊನೆಯ ಪುಟ ಮಗುಚಿದಾಗ ಸಂಜೆಯಾಗಿತ್ತು. ಯಾರೋ ಒಣಹಾಕಿದ್ದ ಬಟ್ಟೆ ಎತ್ತಿಕೊಳ್ಳುತ್ತ 'ಏನಾಯ್ತೇ, ಪೇಪರ್ ಕಷ್ಟ ಇತ್ತಾ?' ಎಂದು ಕೇಳಿದರು. ನಾನು ಅಳುತ್ತಿದ್ದೇನೆಂದು ಆಗ ಗೊತ್ತಾಯಿತು.

ಉದ್ದನೆಯ ಕಥೆಯೊಂದು ಮುಗಿದಾಗ ನೆಂಟರೆಲ್ಲ ಹೊರಟ ಮೇಲಿನ ಮದುವೆಮನೆಯ ಹಾಗೆ ಆಗುತ್ತದೆ. ಚಪ್ಪರ ಇದೆ, ಯಾರೂ ಇಲ್ಲ. ಆ ಖಾಲಿಯಲ್ಲಿ ಕೂತು ನಮ್ಮಿಬ್ಬರ ಒಂದೂವರೆ ವರ್ಷವನ್ನೂ ಅವಳ ಕಡೆಯಿಂದ ಮಗುಚಿ ನೋಡಿದೆ. ನನ್ನ ಕಡೆಯಿಂದ ಅದು ಒಬ್ಬಳು ಯಜಮಾನಿ ನನ್ನ ಬಾಯಿ ಕಟ್ಟಿದ ಕಥೆ. ಅವಳ ಕಡೆಯಿಂದ, ಬಾಗಿಲು ತಟ್ಟಿ ತಟ್ಟಿ ಉತ್ತರ ಬಾರದೆ ಒಳಗೆ ನುಗ್ಗಿದವಳ ಕಥೆ. ನುಗ್ಗಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅಧ್ಯಾಯ ತಿದ್ದಿದ್ದು ತಪ್ಪು, ಬೆನ್ನ ಹಿಂದೆ ಅಮ್ಮನಿಗೆ ವರದಿ ಒಪ್ಪಿಸಿದ್ದು ತಪ್ಪು, ಟ್ರಂಕಿಗೆ ಬೀಗ ಹಾಕಿದ್ದಂತೂ ಖಂಡಿತ ತಪ್ಪು. ಆದರೆ ಬೀಗದ ಕೈಯನ್ನು ಮೊದಲ ತಿಂಗಳಲ್ಲೇ ಅವಳ ಕೈಗಿಟ್ಟವಳು ನಾನು. ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರೆ. ನಾನು ಮೌನವಾಗಿಯೂ ಇರಲಿಲ್ಲ. ಬಾಯಿಬಿಟ್ಟು ಸಮ್ಮತಿಸಿ, ಮನಸ್ಸಿನೊಳಗೆ ಕೇಸು ಹಾಕುತ್ತಿದ್ದೆ. ಜ್ಯಾಕ್‌ಗೆ ಕೇಳಲು ಲೇಸಿ ಇರಲಿಲ್ಲ. ಇವಳಿಗೆ ನಾನಿದ್ದೆ, ಎದುರಿಗೇ ಕೂತು ಇಲ್ಲದವಳಂತೆ.

'ನಿನ್ನಿಷ್ಟ' ನಮ್ಮ ಭಾಷೆಯ ಅತಿ ಮೃದುವಾದ ಮಾತುಗಳಲ್ಲಿ ಒಂದು. ಕೇಳಿದರೆ ಕೊಡುಗೆಯ ಹಾಗಿರುತ್ತದೆ. ನಿಜದಲ್ಲಿ ಎಷ್ಟೋ ಸಲ ಅದು ನಮ್ಮ ತಲೆಯ ಮೇಲಿನ ಹೊರೆಯನ್ನು ಸದ್ದಿಲ್ಲದೆ ಪಕ್ಕದವರ ತಲೆಗೆ ದಾಟಿಸುವ ಉಪಾಯ. ಊಟಕ್ಕೇನು ಮಾಡಲಿ ಎಂದರೆ ನಿನ್ನಿಷ್ಟ, ಮಗನನ್ನು ಯಾವ ಕಾಲೇಜಿಗೆ ಸೇರಿಸೋಣ ಎಂದರೆ ನಿನ್ನಿಷ್ಟ. ಸಾರಿಗೆ ಉಪ್ಪು ಹೆಚ್ಚಾದ ದಿನ, ಮಗ ಫೇಲಾದ ದಿನ ಮಾತ್ರ ನಮ್ಮಿಷ್ಟ ಎದ್ದು ಕೂತು ಮಾತಾಡುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ನಾವು ಗುದ್ದುವವರನ್ನು ಬೈಯಲಿಕ್ಕೆಂದೇ ಬಳಸುತ್ತೇವೆ. ಕೆಲವರು ಬಗ್ಗುವುದು ಭಾರ ಹೊರುವುದನ್ನು ತಪ್ಪಿಸಿಕೊಳ್ಳಲಿಕ್ಕೂ ಇರಬಹುದು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನನಗೆ ಹೇಳಲು ಕೂಗುಬಾಯಿಯ ಎಲಿಯಟ್ ಬೇಕಾಯಿತು, ಟವೆಲ್ ಹಿಡಿದು ಹೊರಟ ಅವಳೂ ಬೇಕಾದಳು.

ನಾಲ್ಕನೇ ಸೆಮಿಸ್ಟರಿನ ಮೊದಲ ದಿನ. ರಜೆ ಮುಗಿಸಿ ಬಂದು ಇನ್ನೂ ಸರಿಯಾಗಿ ಮಾತಾಡಿರಲಿಲ್ಲ. ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತಿದ್ದೆವು. ಅವಳು ಅಭ್ಯಾಸದಿಂದ 'ಅಣ್ಣಾ, ಇವಳಿಗೆ...' ಎಂದು ಶುರುಮಾಡಿ ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು. ಕ್ಯಾಂಟೀನಿನ ಅಣ್ಣನೂ ಎಷ್ಟೋ ತಿಂಗಳ ನಂತರ ನನ್ನ ಮುಖ ನೋಡಿದ.

'ನಿನ್ನಿಷ್ಟ' ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು. ನುಂಗಿಕೊಂಡೆ.

'ಕಾಫಿ' ಅಂದೆ.

ಕಾಫಿ ಬಂತು. ಚಿಕೋರಿ ಹೆಚ್ಚು, ಸಕ್ಕರೆ ವಿಪರೀತ, ಮೇಲೊಂದು ಕೆನೆಯ ಪದರ. ಒಂದು ಗುಟುಕಿಗೇ ಗೊತ್ತಾಯಿತು, ಆ ಕ್ಯಾಂಟೀನಿನಲ್ಲಿ ಬಾದಾಮಿ ಹಾಲೇ ವಾಸಿ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ನಾನು ಲೋಟ ಎತ್ತಿ ಪೂರ್ತಿ ಕುಡಿದೆ.